ಸ್ಪಾಟ್-ಆನ್ ಹಾಕಿ 12 ದಿನವಾದರೂ ಬೆಕ್ಕಿನ ಮೈಮೇಲೆ ಚಿಗಟ

ಪ್ರಶ್ನೆ:
ಬೆಕ್ಕಿಗೆ ಮೂರು ವರ್ಷ, ತೂಕ 4 ಕೆಜಿ. ಚರ್ಮದ ಮೇಲೆ ಹನಿಸುವ ಚಿಗಟದ ಔಷಧಿ (ಸ್ಪಾಟ್-ಆನ್) ಫಿಪ್ರೊನಿಲ್ ಹಾಕಿ 12 ದಿನವಾಯಿತು. ಬಾಚಿದರೆ ಈಗಲೂ ದಿನಕ್ಕೆ ನಾಲ್ಕೈದು ಚಿಗಟ ಸಿಗುತ್ತಿವೆ. ಇನ್ನೊಂದು ಡೋಸ್ ಈಗಲೇ ಹಾಕಬಹುದಾ? ನಾಯಿಗೆ ತಂದ ಔಷಧಿ ಇದೆ, ಅದನ್ನೇ ಒಂದೆರಡು ಹನಿ ಹಾಕಿದರೆ?

ಉತ್ತರ 1:
ನಾಯಿಯ ಔಷಧಿ ಬೇಡವೇ ಬೇಡ. ಅಂಥ ಹಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಮೊದಲು ನಡುಕ, ಆಮೇಲೆ ಫಿಟ್ಸ್, ಜೀವವೇ ಹೋಗಬಹುದು. ನಾಯಿಗೆ ಅದನ್ನು ಹಾಕಿದ್ದರೆ ಕೆಲವು ದಿನ ಎರಡನ್ನೂ ಬೇರೆ ಬೇರೆ ಇಡಿ. ಬೆಕ್ಕು ನಾಯಿಯ ಮೈ ನೆಕ್ಕಬಾರದು. ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ ವಿಷವೇ. ಫಿಪ್ರೊನಿಲ್‌ನ ಎರಡನೇ ಡೋಸ್‌ಗೆ 4 ವಾರ ಕಾಯಿರಿ.

ಉತ್ತರ 2:
ಔಷಧಿ ಕೆಲಸ ಮಾಡುತ್ತಿಲ್ಲ ಅಂತ ಈಗಲೇ ಹೇಳಲಾಗದು. ನಿಮಗೆ ಸಿಗುತ್ತಿರುವುದು ಬಹುಶಃ ನೆಲದಿಂದ ಹೊಸದಾಗಿ ಹತ್ತಿದವು. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡುತ್ತದೆ. ಮೊಟ್ಟೆ ನುಣುಪು, ಕೂದಲಲ್ಲಿ ನಿಲ್ಲದೆ ಬೆಕ್ಕು ಮಲಗಿದಲ್ಲೆಲ್ಲ ಉದುರುತ್ತದೆ. ಮರಿಹುಳುಗಳು ಬೆಳಕಿಗೆ ಹೆದರಿ ಕಾರ್ಪೆಟ್ಟಿನ ಬುಡಕ್ಕೆ, ಸೋಫಾದ ಸಂದಿಗೆ ಇಳಿಯುತ್ತವೆ. ಆಮೇಲೆ ಗೂಡು ಕಟ್ಟಿಕೊಂಡರೆ ಯಾವ ಸ್ಪ್ರೇಯೂ ಒಳಗೆ ತಲುಪುವುದು ಕಷ್ಟ. ತಿಂಗಳುಗಟ್ಟಲೆ ಹಾಗೇ ಇರಬಲ್ಲವು. ಬಿಸಿ, ಅದುರು, ಉಸಿರು ತಾಕಿದಾಗ ಹೊರಗೆ ಬರುತ್ತವೆ. ಅದಕ್ಕೇ ದಿನಾ ವ್ಯಾಕ್ಯೂಮ್ ಮಾಡಬೇಕು: ಆ ಅದುರಿಗೆ ಅವು ಎದ್ದು ಬಂದರೆ ಔಷಧಿ ಹಾಕಿದ ಬೆಕ್ಕನ್ನೇ ಹತ್ತಿ ಸಾಯುತ್ತವೆ. ಕಸವನ್ನು ಕೂಡಲೇ ಚೀಲ ಕಟ್ಟಿ ಹೊರಗೆ ಹಾಕಿ. ಬೆಕ್ಕಿನ ಹಾಸಿಗೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ನೀರಲ್ಲಿ ಒಗೆಯಿರಿ. ಮನೆಯ ಎಲ್ಲ ಬೆಕ್ಕು ನಾಯಿಗಳಿಗೂ, ಅವುಗಳದೇ ಔಷಧಿಯಿಂದ, ಕನಿಷ್ಠ 3 ತಿಂಗಳು ಬಿಡದೆ ಹಾಕಬೇಕು.

ಉತ್ತರ 3:
ಹಾಕಿದ ರೀತಿಯನ್ನೂ ನೋಡಿ. ತಲೆಬುರುಡೆಯ ಬುಡದಲ್ಲಿ, ನಾಲಿಗೆ ಎಟುಕದ ಕಡೆ, ಕೂದಲು ಬಿಡಿಸಿ ಚರ್ಮಕ್ಕೇ ಬಿಡಬೇಕು. ಕೂದಲ ಮೇಲೆ ಬಿದ್ದದ್ದು ವ್ಯರ್ಥ. ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಬಾಚಿದ ಚಿಗಟವನ್ನು ಸೋಪು ಬೆರೆಸಿದ ನೀರಿಗೆ ಹಾಕಿ. ಬರೀ ನೀರಲ್ಲಿ ಅವು ತೇಲುತ್ತವೆ. ಬಾಚಣಿಗೆಗೆ ಬಂದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಇಡಿ. ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ.

ಪ್ರಶ್ನೆ ಕೇಳಿದವರು:
ಬಾಲದ ಕೆಳಗೆ ಒಣಗಿದ ಅಕ್ಕಿಕಾಳಿನಂಥದ್ದು ಅಂಟಿದೆ. ಇದಕ್ಕೂ ಚಿಗಟಕ್ಕೂ ಸಂಬಂಧ ಇದೆಯಾ?

ಉತ್ತರ 2:
ಇದೆ. ಲಾಡಿಹುಳುವಿನ ತುಂಡುಗಳಿರಬೇಕು. ಮೈ ನೆಕ್ಕುವಾಗ ಚಿಗಟ ನುಂಗಿದರೆ ಬರುತ್ತದೆ. ಪಶುವೈದ್ಯರು ತೂಕ ನೋಡಿ ಪ್ರಾಜಿಕ್ವಾಂಟೆಲ್ ಕೊಡುತ್ತಾರೆ. ಚಿಗಟ ರಕ್ತ ಹೀರುವುದರಿಂದ ರಕ್ತಹೀನತೆ ಆಗಿರಬಹುದು, ಒಸಡು ಬಿಳಿಚಿದೆಯಾ ಅಂತಲೂ ತೋರಿಸಿ. ಚಿಗಟ ಇನ್ನೂ ಇದ್ದರೆ ಹುಳು ಮತ್ತೆ ಬರುತ್ತದೆ.