ಸಹಾಯ ಬೇಕು: ಸೀಬಾಸ್ ಮೀನಿನ ಫೀಡ್‌ಗೆ ಕಡ್ಲೆಕಾಯಿ ಹಿಂಡಿ ಎಷ್ಟು ಹಾಕಬಹುದು?

ಎಲ್ರಿಗೂ ನಮಸ್ಕಾರ. ನಮ್ದು ಶಿರಾ, ಎಣ್ಣೆ ಗಾಣ ಇದೆ. ನನ್ ತಂಗಿ ಯಜಮಾನ್ರು ಕುಮಟಾ ಹತ್ರ ಅಘನಾಶಿನಿ ಹಿನ್ನೀರಲ್ಲಿ ಪಂಜರ ಕಟ್ಟಿ ಸೀಬಾಸ್ ಸಾಕ್ತಿದಾರೆ, ಹಾಕೋದು ಬರೀ ಅಗ್ಗದ ಸಣ್ಣ ಮೀನು, ಆದ್ರೆ ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಕಡಲಿಗೆ ಇಳಿಯಂಗಿಲ್ವಲ್ಲ, ಆಗ ಅದೂ ಸಿಗಲ್ಲ, ಸಿಕ್ಕಿದ್ರೂ ರೇಟ್ ಕೇಳಂಗಿಲ್ಲ. ಅದಕ್ಕೆ ನಮ್ ಗಾಣದ ಹಿಂಡಿ ಸೇರಿಸಿ ಫೀಡ್ ಮಾಡಿ ಕಳ್ಸೋಣ ಅಂತಿದೀನಿ.

ಓದಿ ತಿಳ್ಕೊಂಡಿದ್ದು ಇಷ್ಟು, ಪ್ರೋಟೀನ್ 40-45% ಇದ್ರೆ ಮಾತ್ರ ಸಾಲ್ದು, ಮೀನು ತಾನೇ ಮಾಡ್ಕೊಳ್ಳೋಕಾಗ್ದಿರೋ 10 ಅಮೈನೋ ಆಸಿಡ್ (ಪ್ರೋಟೀನ್ ಕಟ್ಟೋ ಇಟ್ಟಿಗೆ ಇದ್ದಂಗೆ) ತಿನ್ನೋದ್ರಲ್ಲೇ ಬರ್ಬೇಕು, ಒಂದು ಕಮ್ಮಿ ಆದ್ರೂ ಉಳಿದಿದ್ದು ಪೂರ್ತಿ ಮೈಗೆ ಹತ್ತಲ್ಲ, ಬಳಕೆ ಆಗ್ದೇ ಉಳಿದಿದ್ದು ನೀರಿಗೆ ಅಮೋನಿಯಾ ಆಗಿ ಹೋಗುತ್ತೆ. ಕಡ್ಲೆಕಾಯಿ ಹಿಂಡೀಲಿ ಆರ್ಜಿನಿನ್ ಅನ್ನೋ ಅಮೈನೋ ಆಸಿಡ್ ಧಾರಾಳ, ಆದ್ರೆ ಲೈಸಿನ್, ಮೆಥಿಯೊನಿನ್ ಅನ್ನೋ ಎರಡೂ ಕಮ್ಮಿ. ಸೋಯಾ ಹಿಂಡಿ ಬೆರೆಸಿದ್ರೆ ಲೈಸಿನ್ ಸುಧಾರಿಸುತ್ತೆ, ಮೆಥಿಯೊನಿನ್ ಕೊರತೆ ಹಂಗೇ. ಟಾರಿನ್ (ಅಮೈನೋ ಆಸಿಡ್ ತರದ್ದೇ ಇನ್ನೊಂದು ಪೋಷಕಾಂಶ) ಅಂತೂ ಹಿಂಡಿಗಳಲ್ಲಿ ಹೆಚ್ಚುಕಮ್ಮಿ ಇಲ್ವೇ ಇಲ್ಲ, ಬೇರೆ ಮೀನು ತಿನ್ನೋ ಸಮುದ್ರದ ಎಷ್ಟೋ ಮೀನಿಗೆ ಅದು ತಿನ್ನೋದ್ರಲ್ಲೇ ಸಿಗ್ಬೇಕು. ಹಂಗಾಗಿ ಫಿಶ್‌ಮೀಲ್ (ಒಣಗಿಸಿದ ಮೀನಿನ ಪುಡಿ) ಪೂರ್ತಿ ಬಿಡೋ ಆಲೋಚನೆ ನಂಗಿಲ್ಲ.

ಈಗ ಗೊತ್ತಿರೋರು ದಯವಿಟ್ಟು ಹೇಳಿ, ಮೆಥಿಯೊನಿನ್ ಪುಡಿ ಹಿಟ್ಟಲ್ಲಿ ಕಲಸಿದ್ರೆ ಮೀನು ತಿನ್ನೋ ಮುಂಚೆನೇ ನೀರಲ್ಲಿ ಕರಗಿಹೋಗುತ್ತಾ, ಕೋಟಿಂಗ್ ಇರೋದೇ ತಗೋಬೇಕಾ? ಫಿಶ್‌ಮೀಲ್ ಎಷ್ಟಕ್ಕೆ ಇಳಿಸಬಹುದು? ಮಳೆಗಾಲದಲ್ಲಿ ಹಿಂಡಿಗೆ ಬೂಷ್ಟು ಬಂದ್ರೆ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷದ ಭಯ ಬೇರೆ, ತುಮಕೂರು ಸುತ್ತಮುತ್ತ ಅದನ್ನ ಟೆಸ್ಟ್ ಮಾಡೋ ಲ್ಯಾಬ್ ಗೊತ್ತಿದ್ರೆ ಕಾಮೆಂಟಲ್ಲಿ ಹಾಕಿ. ಮೇ ಒಳಗೆ ಫೀಡ್ ರೆಡಿ ಆಗ್ಬೇಕು.