ಚಿಕ್ಕಪ್ಪ ಎರಡು ತಲೆ ಹಾವು ಹಿಡಿದು ಡ್ರಮ್ಮಲ್ಲಿ ಇಟ್ಟಿದ್ದಾರೆ, ಏನು ಮಾಡಲಿ?

ಶೇಂಗಾಹೊಲ:
ನಮ್ಮೂರು ಚಳ್ಳಕೆರೆ ಕಡೆ. ನಾನಿರೋದು ಬೆಂಗಳೂರಲ್ಲಿ. ಹಬ್ಬಕ್ಕೆ ಅಂತ ಬಂದವನು ಈಗ ವಾಪಸ್ ಹೋಗೋಕೂ ಮನಸ್ಸಾಗದೆ ಕೂತಿದ್ದೇನೆ.

ಒಂಬತ್ತು ದಿನದ ಹಿಂದೆ ಶೇಂಗಾ ಕೀಳುವಾಗ ಬದುವಿನ ಹತ್ತಿರ ಚಿಕ್ಕಪ್ಪನಿಗೆ ಎರಡು ತಲೆ ಹಾವು ಸಿಕ್ಕಿದೆ. ಮಣ್ಣುಮುಕ್ಕ ಅಂತಾರಲ್ಲ, ಅದೇ. ಮೊದಲಾದರೆ ಕೋಲಲ್ಲಿ ಆಚೆ ತಳ್ಳಿ ಬಿಡುತ್ತಿದ್ದರು. ಈ ಸಲ ಮೋಟರ್ ರೂಮಲ್ಲಿ ನೀಲಿ ಡ್ರಮ್ಮಿಗೆ ಒಂದಷ್ಟು ಮರಳು ಸುರಿದು ಅದರಲ್ಲಿ ಬಿಟ್ಟು, ಮೇಲೆ ಕಬ್ಬಿಣದ ಬಾಣಲಿ ಮುಚ್ಚಿ, ಬಾಣಲಿ ಮೇಲೆ ಎರಡು ಇಟ್ಟಿಗೆ ಇಟ್ಟಿದ್ದಾರೆ. ಯಾರೋ ವಾಟ್ಸಾಪಲ್ಲಿ ವಿಡಿಯೋ ಕಳಿಸಿದ್ದಾರಂತೆ, ಎರಡೂವರೆ ಕೆಜಿ ತೂಗಿದರೆ ಕೋಟಿ ಅಂತೆ. ನಿನ್ನೆ ಬ್ರೋಕರ್ ಒಬ್ಬ ಬೈಕಲ್ಲಿ ಬಂದು ಅಕ್ಕಿ ಚೀಲಕ್ಕೆ ಹಾಕಿ ಕೊಕ್ಕೆ ತಕ್ಕಡಿಗೆ ನೇತು ಹಾಕಿ ತೂಗಿದ. ಒಂದು ಕೆಜಿಯೂ ಬರಲಿಲ್ಲ. ಅವನು ಸ್ವಲ್ಪವೂ ಬೇಜಾರಾಗಲಿಲ್ಲ. ತಿನ್ನಿಸಿ ಬೆಳೆಸಿ, ಮುಂದಿನ ವಾರ ಪಾರ್ಟಿ ಕರ್ಕೊಂಡು ಬರ್ತೀನಿ, ಅಷ್ಟರಲ್ಲಿ ಟೆಸ್ಟಿಂಗ್ ಖರ್ಚಿಗೆ ಹದಿನೈದು ಸಾವಿರ ರೆಡಿ ಮಾಡಿಕೊಳ್ಳಿ ಅಂದು ಹೋದ.

ರಾತ್ರಿ ನಾನೊಬ್ಬನೇ ಹೋಗಿ ಬಾಣಲಿ ಸರಿಸಿ ಟಾರ್ಚ್ ಹಾಕಿ ನೋಡಿದೆ. ಮೈಯನ್ನೆಲ್ಲ ಮುದ್ದೆ ಮಾಡಿಕೊಂಡು ತಲೆಯನ್ನು ಅಡಿಗೆ ಸೇರಿಸಿ, ಮೊಂಡು ಬಾಲವನ್ನು ಮಾತ್ರ ಮೇಲೆತ್ತಿಕೊಂಡು ಅಲುಗಾಡದೆ ಇತ್ತು. ಅಷ್ಟು ಹೆದರಿದ ಪ್ರಾಣಿ ನಾನು ನೋಡಿಲ್ಲ. ಪಕ್ಕದಲ್ಲಿ ಕೋಳಿ ಮಾಂಸದ ತುಂಡು ಕೊಳೆತು ನಾತ ಹೊಡೆಯುತ್ತಿತ್ತು.

ಚಿಕ್ಕಪ್ಪ ಕೆಟ್ಟವರಲ್ಲ. ನನ್ನ ಕಾಲೇಜ್ ಫೀಸ್ ಕಟ್ಟಿದವರೇ ಅವರು. ಎರಡು ಬೋರ್ ಕೊರೆಸಿ ನೀರು ಬರದೆ ಸಾಲ ಆಗಿದೆ. ಅವರನ್ನು ಸಿಕ್ಕಿಹಾಕಿಸದೆ ಹಾವನ್ನು ಉಳಿಸೋ ದಾರಿ ಇದೆಯಾ? ದಯವಿಟ್ಟು ಗೊತ್ತಿರೋರು ಹೇಳಿ.

ಪಾವಗಡ_ರಸ್ತೆ:
ತಮ್ಮಾ, ಮೊದಲು ಆ ಹದಿನೈದು ಸಾವಿರ ಕೊಡೋದು ನಿಲ್ಲಿಸು. ಉಳಿದದ್ದು ಆಮೇಲೆ.

ನಮ್ಮ ಭಾವನ ಕಥೆ ಹೇಳ್ತೀನಿ. ಅವರೂ ಹೀಗೇ ಶುರು ಮಾಡಿದ್ದು. ಟೆಸ್ಟಿಂಗಿಗೆ ಅಂತ ಒಂದು ಸಲ, ಪಾರ್ಟಿ ಹೈದರಾಬಾದಿಂದ ಬರೋ ಕಾರಿನ ಬಾಡಿಗೆಗೆ ಅಂತ ಇನ್ನೊಂದು ಸಲ, ಒಟ್ಟು ನಲವತ್ತು ಸಾವಿರ ಹೋಯಿತು. ತೂಕ ಬರಲಿ ಅಂತ ಹಾವಿನ ಬಾಯಿ ಅಗಲಿಸಿ ಮಾಂಸ ತುರುಕಿದರು. ಮೂರನೇ ವಾರ ಮಡಕೆಯೊಳಗೇ ಸತ್ತು ಬಿದ್ದಿತ್ತು. ಅಲ್ಲಿಗೆ ಬಿಡಬೇಕಿತ್ತು ಅಲ್ವಾ? ಇಲ್ಲ. ಹಾಕಿದ ದುಡ್ಡು ವಾಪಸ್ ತೆಗೀಬೇಕು ಅಂತ ಬೇರೆ ಊರಿಂದ ಇನ್ನೊಂದು ಹಾವು ತಂದರು, ಅದನ್ನು ಬ್ಯಾಗಲ್ಲಿ ಹಾಕಿಕೊಂಡು ಹೈವೇ ಡಾಬಾಕ್ಕೆ ಹೋದರೆ ಅಲ್ಲಿ ಗಿರಾಕಿ ಅಂತ ಕೂತಿದ್ದವರು ಪೊಲೀಸರು. ಇಪ್ಪತ್ತೆರಡು ದಿನ ಜೈಲು. ಇವತ್ತಿಗೂ ಕೋರ್ಟಿಗೆ ಅಲೆಯುತ್ತಿದ್ದಾರೆ. ಬ್ರೋಕರ್ ಮಾತ್ರ ಆ ದಿನ ಬಂದೇ ಇರಲಿಲ್ಲ.

ಇದು ರೈಸ್ ಪುಲ್ಲಿಂಗ್ ಚೆಂಬಿನ ಥರಾನೇ, ಅಕ್ಕಿ ಕಾಳು ಎಳೆಯೋ ಚೆಂಬಿಗೆ ಕೋಟಿ ಬೆಲೆ ಅಂತ ಮೋಸ ಮಾಡ್ತಾರಲ್ಲ, ಅದು. ಚೆಂಬಿನ ಬದಲು ಜೀವ ಇರೋ ಪ್ರಾಣಿ, ಅಷ್ಟೇ ವ್ಯತ್ಯಾಸ. ಕೋಟಿ ಕೊಟ್ಟ ಗಿರಾಕಿಯನ್ನು ಕಣ್ಣಾರೆ ಕಂಡವರು ನನಗಂತೂ ಇದುವರೆಗೆ ಒಬ್ಬರೂ ಸಿಕ್ಕಿಲ್ಲ.

ಉರಗಮಿತ್ರ_ತುಮಕೂರು:
ಹನ್ನೊಂದು ವರ್ಷದಿಂದ ಹಾವು ರಕ್ಷಣೆ ಮಾಡುತ್ತಿದ್ದೇನೆ. ನಿಮ್ಮ ಚಿಕ್ಕಪ್ಪನಿಗೆ ಇದನ್ನು ಓದಿ ಹೇಳಿ.

ಅದಕ್ಕೆ ಎರಡು ತಲೆ ಇಲ್ಲ. ಒಂದೇ ತಲೆ, ಬಾಲ ಮೊಂಡು. ಹೆದರಿದಾಗ ತಲೆ ಮುಚ್ಚಿಟ್ಟು ಬಾಲ ಎತ್ತುತ್ತದೆ. ಹದ್ದೋ ಮುಂಗುಸಿಯೋ ಬಾಲಕ್ಕೆ ಬಾಯಿ ಹಾಕಿದರೆ ತಲೆ ಉಳಿಯುತ್ತೆ ಅಂತ ಪ್ರಕೃತಿ ಕೊಟ್ಟಿರೋ ಉಪಾಯ ಅದು. ನೀವು ಡ್ರಮ್ಮಲ್ಲಿ ನೋಡಿದ್ದೂ ಅದನ್ನೇ. ಆರು ತಿಂಗಳು ಈ ಕಡೆ ತಲೆ, ಆರು ತಿಂಗಳು ಆ ಕಡೆ ತಲೆ ಅನ್ನೋದು ಕಟ್ಟುಕಥೆ. ನಿಧಿ ತೋರಿಸುತ್ತೆ ಅನ್ನೋದೂ ಅಷ್ಟೇ, ಕಾಯಿಲೆ ವಾಸಿಯಾಗುತ್ತೆ ಅನ್ನೋದೂ ಅಷ್ಟೇ. ಬಾಲ ತಲೆ ಥರ ಕಾಣಲಿ ಅಂತ ಕಾದ ಕಬ್ಬಿಣದಲ್ಲಿ ಕಣ್ಣು ಬಾಯಿ ಸುಟ್ಟು ಬರೆದಿದ್ದ ಒಂದು ಹಾವು ನನ್ನ ಕೈಗೆ ಬಂದಿತ್ತು. ಗಾಯದಲ್ಲಿ ಹುಳ ಬಿದ್ದಿತ್ತು. ನಾಲ್ಕು ದಿನ ಅರಿಶಿನದ ನೀರು, ಡಾಕ್ಟರ ಮುಲಾಮು ಎಲ್ಲ ನೋಡಿದೆವು, ಉಳಿಯಲಿಲ್ಲ. ಅದು ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಇದಕ್ಕೆ ವಿಷ ಇಲ್ಲ. ಸಡಿಲ ಮಣ್ಣಲ್ಲಿ ಹೂತುಕೊಂಡು ಕಾದಿದ್ದು ಇಲಿ ಹಿಡಿದು, ಸುತ್ತಿ ಬಿಗಿದು ತಿನ್ನುತ್ತದೆ. ಶೇಂಗಾ ಹೊಲದಲ್ಲಿ ಇಲಿ ಎಷ್ಟು ಕಾಯಿ ಎಳೆದು ಬಿಲಕ್ಕೆ ಸೇರಿಸುತ್ತೆ ಅಂತ ನಿಮ್ಮ ಚಿಕ್ಕಪ್ಪನಿಗೆ ನಾನು ಹೇಳಬೇಕಾಗಿಲ್ಲ. ಮೊಟ್ಟೆ ಇಡೋದಿಲ್ಲ, ಮರಿ ಹಾಕುತ್ತದೆ. ಬ್ರೋಕರ್‌ಗಳಿಗೆ ದಪ್ಪ ಹಾವೇ ಬೇಕು, ದಪ್ಪ ಇರೋದು ಸಾಮಾನ್ಯವಾಗಿ ಹೆಣ್ಣು. ಹಾಗಾಗಿ ಒಂದು ಹಿಡಿದರೆ ಮುಂದಿನ ಮರಿಗಳೂ ಹೋದವು ಅಂತ ಲೆಕ್ಕ.

ಈಗ ಸದ್ಯಕ್ಕೆ ಕೊಳೆತ ಮಾಂಸ ತೆಗೆದುಹಾಕಿ. ಏನೂ ತಿನ್ನಿಸಬೇಡಿ. ತಗ್ಗು ಬಟ್ಟಲಲ್ಲಿ ನೀರಿಡಿ. ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ, ಮುಚ್ಚಳದಲ್ಲಿ ಗಾಳಿ ಆಡಲಿ. ಫೋಟೋ ತೆಗೆದು ಯಾರಿಗೂ ಕಳಿಸಬೇಡಿ, ಇಲ್ಲಿಗೂ ಹಾಕಬೇಡಿ.

ಕರಿಮಣ್ಣು:
ಇಷ್ಟೆಲ್ಲ ಯಾಕೆ ಗುರು? ರಾತ್ರೋರಾತ್ರಿ ಹೊಲಕ್ಕೆ ಬಿಟ್ಟು ಸುಮ್ನೆ ಇದ್ದುಬಿಡಿ. ಅರಣ್ಯ ಇಲಾಖೆಗೆ ಹೇಳಿದರೆ ಬಡ ರೈತನೇ ಒಳಗೆ ಹೋಗೋದು. ದೊಡ್ಡವರು ಯಾರೂ ಸಿಕ್ಕಿಬೀಳಲ್ಲ, ಇದು ನಾನು ನೋಡಿರೋ ಮಾತು.

ಸೆಕ್ಷನ್39:
ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಪ್ರತಿ ಸಲವೂ ಕೊನೆಗೆ ಸಿಕ್ಕಿಬೀಳೋದು ಚೀಲ ಹಿಡಿದವನೇ. ಆದರೆ ಸುಮ್ನೆ ಬಿಟ್ಟರೆ ಏನಾಗುತ್ತೆ ನೋಡಿ. ಬ್ರೋಕರ್‌ಗೆ ಆ ಹೊಲ ಗೊತ್ತು, ಮುಂದಿನ ವಾರ ಬರುತ್ತಾನೆ. ಹಾವು ಇಲ್ಲ ಅಂದರೆ ನಂಬುತ್ತಾನಾ? ಬೇರೆಯವರಿಗೆ ಮಾರಿದಿರಿ ಅಂತ ಜಗಳಕ್ಕೆ ನಿಲ್ಲುತ್ತಾನೆ, ಇಲ್ಲವೇ ಅದೇ ಬದು ಅಗೆದು ಅದೇ ಹಾವನ್ನು ಮತ್ತೆ ಹಿಡಿಯುತ್ತಾನೆ.

ಕಾನೂನು ಹೇಳೋದು ಇಷ್ಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಕ್ರಮವಾಗಿ ಹಿಡಿದ, ಇಟ್ಟುಕೊಂಡ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಸಿಕ್ಕಿದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಇರುವ ಅರಣ್ಯ ಅಧಿಕಾರಿಗೋ ತಿಳಿಸಬೇಕು, ಅದು 39ನೇ ಸೆಕ್ಷನ್. ಕೈಯಲ್ಲಿ ಇಟ್ಟುಕೊಂಡಿದ್ದರೆ ಅದು ಅಕ್ರಮ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಇಟ್ಟುಕೊಂಡವರದ್ದೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ದಂಡ ಜಾಸ್ತಿಯಾಗಿದೆ. ಕಾಯ್ದೆಯ ಮೊದಲನೇ ಪಟ್ಟಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರೋ, ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು, ದಂಡ 25 ಸಾವಿರಕ್ಕೆ ಕಡಿಮೆ ಇಲ್ಲ.

ನಿಮ್ಮಲ್ಲಿ ಒಂಬತ್ತು ದಿನ ಆಗಿದೆ. ಕೇಸ್ ಆಗೋದೇ ಇಲ್ಲ ಅಂತ ನಾನು ಭರವಸೆ ಕೊಡಲಾರೆ. ಆದರೆ ತಾನಾಗಿ ಕರೆದು ಒಪ್ಪಿಸಿದವನನ್ನೂ ಡಾಬಾದಲ್ಲಿ ಸಿಕ್ಕಿಬಿದ್ದವನನ್ನೂ ಯಾವ ಅಧಿಕಾರಿಯೂ ಒಂದೇ ತಕ್ಕಡಿಯಲ್ಲಿ ತೂಗೋದಿಲ್ಲ. ಇನ್ನೂ ದುಡ್ಡು ಕೈ ಬದಲಾಗಿಲ್ಲ, ಮಾರಾಟ ಆಗಿಲ್ಲ, ಇದು ನಿಮ್ಮ ಪುಣ್ಯ. ಊರಲ್ಲಿ ನಂಬಿಕೆಯ ವಕೀಲರಿದ್ದರೆ ಜೊತೆಗೆ ಕರೆದುಕೊಳ್ಳಿ. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಬ್ರೋಕರ್ ಬೈಕ್ ನಂಬರ್, ಫೋನ್ ನಂಬರ್, ಆ ವಿಡಿಯೋ ಎಲ್ಲ ಅಳಿಸದೆ ಇಟ್ಟುಕೊಳ್ಳಿ. ಚೀಲ ಹಿಡಿದವನ ಹಿಂದೆ ಇರೋನು ಸಿಗಬೇಕು ಅಂದರೆ ಇಲಾಖೆಯವರಿಗೆ ಬೇಕಾಗೋದು ಅದೇ. ಮತ್ತೆ, ಚಿಕ್ಕಪ್ಪನಿಗೆ ಹೇಳದೆ ಫೋನ್ ಮಾಡಬೇಡಿ. ಅವರ ಬಾಯಿಂದಲೇ ಮೊದಲ ಮಾತು ಬರಲಿ.

ಶೇಂಗಾಹೊಲ:
ಎಲ್ಲರಿಗೂ ಏನಾಯಿತು ಅಂತ ಹೇಳಿಬಿಡ್ತೀನಿ.

ಮೊನ್ನೆ ರಾತ್ರಿ ಊಟ ಆದ ಮೇಲೆ ಪಾವಗಡದ ಅಣ್ಣ ಬರೆದಿದ್ದನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಡಾಬಾದ ಹತ್ತಿರ ಬಂದಾಗ ಚಿಕ್ಕಮ್ಮ ಎದ್ದು ಒಳಗೆ ಹೋದರು. ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಐದೂವರೆಗೆ ನನ್ನನ್ನು ಎಬ್ಬಿಸಿ, ನಂಬರ್ ಹಾಕಿಕೊಡು, ನಾನೇ ಮಾತಾಡ್ತೀನಿ ಅಂದರು. ಕೈ ನಡುಗುತ್ತಿತ್ತು.

ಮಧ್ಯಾಹ್ನಕ್ಕೆ ಇಬ್ಬರು ಗಾರ್ಡ್ ಮತ್ತು ಒಬ್ಬ ಡಿಆರ್‌ಎಫ್‌ಒ (ಉಪ ವಲಯ ಅರಣ್ಯಾಧಿಕಾರಿ) ಬಂದರು. ಮಹಜರು ಬರೆದರು, ಚಿಕ್ಕಪ್ಪನ ಹೇಳಿಕೆ ತೆಗೆದುಕೊಂಡರು. ಹಾವು ಈಗ ಮುದ್ದೆಮಾಲು, ಅಂದರೆ ಕೇಸಿಗೆ ಸಾಕ್ಷಿಯಾಗಿ ವಶಪಡಿಸಿಕೊಂಡ ವಸ್ತು, ಕೋರ್ಟ್ ಅನುಮತಿ ಆದ ಮೇಲೇ ಬಿಡೋದು ಅಂದರು. ಬಟ್ಟೆ ಚೀಲಕ್ಕೆ ಇಳಿಸುವಾಗ ಅದು ಮೊದಲ ಸಲ ಮೈ ಬಿಡಿಸಿತು. ತಲೆ ಕಾಣಿಸಿತು. ಚಿಕ್ಕ ಕಣ್ಣು, ಸಾಸಿವೆ ಕಾಳಿನ ಥರ. ನೀರು ಚೆನ್ನಾಗಿ ಕುಡಿದಿದೆ, ಬಟ್ಟಲು ಖಾಲಿಯಾಗಿತ್ತು. ಉರಗಮಿತ್ರ ಅವರಿಗೆ ಅದನ್ನು ಹೇಳಲೇಬೇಕು ಅನ್ನಿಸಿತು.

ಚಿಕ್ಕಪ್ಪನ ಮೇಲೆ ಮುಂದೆ ಏನಾಗುತ್ತೋ ನೋಡಬೇಕು. ಸೋಮವಾರ ಕಚೇರಿಗೆ ಬರೋಕೆ ಹೇಳಿದ್ದಾರೆ, ನಾನು ರಜೆ ಮುಂದುವರಿಸಿದ್ದೇನೆ. ಬ್ರೋಕರ್ ನಂಬರ್, ಬೈಕ್ ನಂಬರ್ ಎರಡೂ ಕೊಟ್ಟಿದ್ದೇವೆ. ಅವನು ಕಳಿಸಿದ್ದ ಫೋಟೋಗಳಲ್ಲಿ ಇನ್ನೂ ಮೂರು ಹಾವು ಇವೆ, ಮೂರೂ ಬೇರೆ ಬೇರೆ ಡ್ರಮ್ಮು. ಒಂದರ ಹಿಂದೆ ಗೋಡೆ ಮೇಲೆ ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ಕಾಣುತ್ತದೆ. ಅದನ್ನು ದೊಡ್ಡದು ಮಾಡಿ ಅಂಗಡಿ ಹೆಸರು ಓದೋಕೆ ಆಗುತ್ತಾ ಅಂತ ಗಾರ್ಡ್ ಜೊತೆ ಕೂತು ನೋಡಿದ್ದು ಚಿಕ್ಕಪ್ಪನೇ.