ಪದಚರ್ಚೆ: ಅಳಿಲಿನ ಜಾತಿಗಳಿಗೆ ಕನ್ನಡ ಹೆಸರು (ಶಾಲೆಯ ಫಲಕಕ್ಕೆ, ತುರ್ತು)

ಕೋಥ್ರೂಡ್, ಪುಣೆ:
ನಮಸ್ಕಾರ. ಕನ್ನಡ ಶಾಲೆಯೊಂದರ ಅಂಗಳದಲ್ಲಿ ಅಳಿಲುಗಳ ಫಲಕ ನಿಲ್ಲಿಸಬೇಕಿದೆ. ನಾಳೆ ಸಂಜೆ ಮುದ್ರಣಕ್ಕೆ ಹೋಗುತ್ತದೆ. ಮೂಲ ಮರಾಠಿ ಮತ್ತು ಇಂಗ್ಲಿಷಿನಲ್ಲಿದೆ. ಶೇಕರುವಿಗೆ (ಕಾಡಿನ ದೊಡ್ಡ ಕೆಂಪು ಅಳಿಲು, ಇಂಗ್ಲಿಷಿನಲ್ಲಿ ಜೈಂಟ್ ಸ್ಕ್ವಿರಲ್) ‘ದೈತ್ಯ ಅಳಿಲು’ ಎಂದು ಹಾಕಿದ್ದೇನೆ. ಉಳಿದವು ‘ಮೂರು ಪಟ್ಟೆ ಅಳಿಲು’, ‘ಐದು ಪಟ್ಟೆ ಅಳಿಲು’, ‘ಹಾರುವ ಅಳಿಲು’. ಕೊನೆಯ ಕಾಲಂ ‘ಸ್ಥಳೀಯ / ಪರಿಚಯಿಸಲಾದ ಪ್ರಭೇದ’. ದಯವಿಟ್ಟು ತಿದ್ದಿಕೊಡಿ.

ಮಾಟುಂಗಾ:
‘ದೈತ್ಯ’ ಹೊಡೆದುಹಾಕಿ. ಅದು ಇಂಗ್ಲಿಷಿನ ನೆರಳು. ಕೆಂದಳಿಲು ಎನ್ನುವವರಿದ್ದಾರೆ, ಆದರೆ ಆ ದಕಾರ ಎಲ್ಲಿಂದ ಬಂತು? ಕೆಂದಳಿರಿನಲ್ಲಿ ತಳಿರಿನ ತಕಾರವೇ ದಕಾರವಾಗಿದೆ. ಅಳಿಲಿನಲ್ಲಿ ತಕಾರ ಇಲ್ಲವೇ ಇಲ್ಲ. ಸ್ವರ ಮುಂದಿದ್ದಾಗ ಕೆಂಪಿಗೆ ‘ಕೇಸ್’ ಬರುತ್ತದೆ: ಕೇಸಡಿ, ಕೇಸುರಿ, ಕೇಸಕ್ಕಿ. ಆದ್ದರಿಂದ ಕೇಸಳಿಲು. ಶಕಾರ ಹಾಕಿ ‘ಕೇಶಳಿಲು’ ಮಾಡಿದರೆ ಕೂದಲಿನ ಅಳಿಲಾಗುತ್ತದೆ, ಎಚ್ಚರ. ಬಣ್ಣಕ್ಕೂ ಇದೇ ಒಪ್ಪುತ್ತದೆ. ಪುಣೆ ಕಡೆಯ ಭೀಮಾಶಂಕರ ಕಾಡಿನದಕ್ಕೆ ಬೆನ್ನೆಲ್ಲ ಕೆಂಗಂದು, ಹೊಟ್ಟೆ ಮಾಸಲು ಬಿಳುಪು. ದಕ್ಷಿಣದ ಕಾಡಿನವುಗಳಿಗೆ ಇರುವ ಹೆಗಲ ಕಪ್ಪು ಇದಕ್ಕಿಲ್ಲ. ಪಟ್ಟೆಯ ಬದಲು ಮೂಗೆರೆ, ಐಗೆರೆ ಎನ್ನಿ.

ಠಾಣೆ:
ಮೂಗೆರೆ ಎಂದರೆ ಮಕ್ಕಳು ‘ಮೂಗು’ ಎಂದೇ ಓದುತ್ತಾರೆ. ಬೇಡ. ಕೆಂದಳಿಲು ಪತ್ರಿಕೆಗಳಲ್ಲಿ ನೆಲೆನಿಂತ ಪದ, ಸಂಧಿ ಸರಿಯಿಲ್ಲವೆಂದು ಅದನ್ನು ಎಬ್ಬಿಸಲಾಗದು.

ಗೆರೆಗಳ ವಿಷಯಕ್ಕೆ ಬರೋಣ, ಫಲಕ ಕೆಡುವುದು ಅಲ್ಲೇ. ಎಣಿಸಬೇಕಾದದ್ದು ಬಿಳಿ ಗೆರೆಗಳನ್ನು, ನಡುವಿನ ಕಪ್ಪನ್ನಲ್ಲ. ಐದು ಗೆರೆಯದರಲ್ಲಿ ಬೆನ್ನ ಮೇಲಿನ ಮೂರು ಸ್ಪಷ್ಟ, ಪಕ್ಕೆಯ ಎರಡು ಮಸುಕು. ರಾಮನ ಮೂರು ಬೆರಳಿನ ಕತೆ ಕೇಳಿದ ಮಕ್ಕಳು ಮೂರಕ್ಕೇ ನಿಲ್ಲಿಸುತ್ತಾರೆ. ಹಾಗಾಗಿ ಬೆನ್ನೂ ಪಕ್ಕೆಯೂ ಒಟ್ಟಿಗೆ ಕಾಣುವಂತೆ ಓರೆಯಾಗಿ ಮೇಲಿನಿಂದ ತೆಗೆದ ಚಿತ್ರ ಹಾಕಿ. ಜೊತೆಗೆ ಸಹ್ಯಾದ್ರಿಯ ಕಾಡಿನಲ್ಲಿ ಮೂರು ಗೆರೆಯದೇ ಬೇರೊಂದು ಜಾತಿ ಇದೆ, ಫುನಾಂಬುಲಸ್ ಟ್ರೈಸ್ಟ್ರೈಯೇಟಸ್. ಅದಕ್ಕೆ ‘ಕಾಡಿನ ಮೂರು ಗೆರೆ ಅಳಿಲು’ ಎಂದು ಬೇರೆ ಸಾಲು ಬೇಕೇ ಬೇಕು.

‘ಹಾರುವ ಅಳಿಲು’ ಹಾಗೇ ಇರಲಿ. ಅದು ಮುಂಗಾಲು ಹಿಂಗಾಲಿನ ನಡುವಿನ ಚರ್ಮ ಹರಡಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ, ರೆಕ್ಕೆ ಬಡಿಯುವುದಿಲ್ಲ. ಆದರೂ ನಮ್ಮಲ್ಲಿ ನೆಗೆಯುವುದಕ್ಕೂ ‘ಹಾರು’ ಅಂತಲೇ ಹೇಳುತ್ತೇವಲ್ಲ.

ಪಿಂಪ್ರಿ:
ಎಲ್ಲರೂ ಅಳಿಲು ಅಳಿಲು ಅಂತೀರಲ್ರೀ, ಇಣಚಿ ಎಲ್ಲಿ ಹೋತು? ಇಲ್ಲಿ ಕನ್ನಡ ಸಾಲಿಗೆ ಬರೋ ಮಕ್ಕಳ ಮನ್ಯಾಗ, ವಿಜಯಪುರ ಕಲಬುರಗಿ ಕಡೆಯವರಾದ್ರ, ಅದು ಇಣಚಿನೇ. ತಲೆಬರಹದಾಗ ‘ಅಳಿಲು (ಇಣಚಿ)’ ಅಂತ ಹಾಕ್ರಿ. ಇನ್ನ ಶೇಕರು ಮಹಾರಾಷ್ಟ್ರದ ರಾಜ್ಯಪ್ರಾಣಿ, ಮಕ್ಕಳು ಪಾಠದಾಗ ಓದೋ ಹೆಸರು. ಬಸ್ಸು, ಬೆಂಚು ಒಪ್ಪಿದವರು ಶೇಕರು ಯಾಕ ಒಪ್ಪಂಗಿಲ್ಲ?

ಮಾಟುಂಗಾ:
ಬಸ್ಸು ನಮ್ಮಲ್ಲಿರಲಿಲ್ಲ, ತಂದೆವು. ಈ ಪ್ರಾಣಿ ನಮ್ಮ ಕಾಡಿನಲ್ಲಿದೆ, ಹೆಸರೂ ಇದೆ. ಇರುವುದಕ್ಕೆ ಸಾಲ ಯಾಕೆ? ಇಣಚಿಗೆ ನನ್ನ ತಕರಾರಿಲ್ಲ.

ಮಡಗಾಂವ್, ಗೋವಾ:
ದೊಡ್ಡ ತಪ್ಪು ಕೊನೆಯ ಕಾಲಂನಲ್ಲಿದೆ, ಅದನ್ನು ಯಾರೂ ಮುಟ್ಟಲಿಲ್ಲ. ‘ಪರಿಚಯಿಸಲಾದ’ ಎಂದರೆ ಅಳಿಲನ್ನು ಯಾರಿಗೆ ಪರಿಚಯಿಸಿದ್ದು? ‘ವಲಸೆ’ಯೂ ಸಲ್ಲದು, ಅದು ತಾನಾಗಿ ಬರುವುದು. ಮನುಷ್ಯ ಒಯ್ದು ಬಿಟ್ಟದ್ದಕ್ಕೆ ‘ತಂದುಬಿಟ್ಟ’ ಸಾಕು. ‘ಆಕ್ರಮಣಕಾರಿ’ ಬೇರೆ ಮಾತು: ತಂದುಬಿಟ್ಟದ್ದು ಹಬ್ಬಿ ಅಲ್ಲಿನದಕ್ಕೆ ಕೇಡು ಮಾಡಿದರೆ ಮಾತ್ರ. ಅಮೆರಿಕದ ಬೂದು ಅಳಿಲನ್ನು 1876ರಲ್ಲಿ ಇಂಗ್ಲೆಂಡಿನ ಚೆಷೈರ್‌ನಲ್ಲಿ ಬಿಟ್ಟರು. ಅದು ಹೊತ್ತುತಂದ ಸಿಡುಬಿನಂಥ ವೈರಸ್ಸು ಅದಕ್ಕೆ ಏನೂ ಮಾಡದು, ಅಲ್ಲಿನ ಕೆಂಪು ಅಳಿಲನ್ನು ಕೊಲ್ಲುತ್ತದೆ.

ನಮ್ಮ ಐದು ಗೆರೆ ಅಳಿಲೇ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತಂದುಬಿಟ್ಟದ್ದು. 1898ರಲ್ಲಿ ಮೃಗಾಲಯದಿಂದ ಹೊರಬಿದ್ದು ಅಲ್ಲಿ ನೆಲೆಯಾಯಿತು. ಎಲ್ಲಿ ಎಂದು ಹೇಳದೆ ‘ಇಲ್ಲಿನ’, ‘ತಂದುಬಿಟ್ಟ’ ಎರಡಕ್ಕೂ ಅರ್ಥವಿಲ್ಲ. ನಿಮ್ಮ ಫಲಕದವೆಲ್ಲ ಇಲ್ಲಿನವೇ. ಕಾಲಂ ತೆಗೆದು, ಕೆಳಗೆ ಬೂದು ಅಳಿಲಿಗೂ ಪರ್ತ್‌ಗೂ ಒಂದು ಚೌಕ ಕೊಡಿ.

ಕೋಥ್ರೂಡ್, ಪುಣೆ:
ಉಪಕಾರವಾಯಿತು. ಕಾಲಂ ತೆಗೆದೆ, ಚೌಕ ಹಾಕಿದೆ, ತಲೆಬರಹ ‘ಅಳಿಲು (ಇಣಚಿ)’. ‘ಕೆಂದಳಿಲು’ ದೊಡ್ಡಕ್ಷರದಲ್ಲಿ, ‘ಮರಾಠಿಯಲ್ಲಿ ಶೇಕರು’ ಅದರ ಕೆಳಗೆ.

ಮಾಟುಂಗಾ:
ಕೇಸಳಿಲು ಬಿಟ್ಟದ್ದು ಸರಿಯಲ್ಲ. ಕಂಸದಲ್ಲಾದರೂ ಇರಲಿ.

ಠಾಣೆ:
ಅಂಗಡಿಯವರಿಗೆ ಅಕ್ಷರಗಳನ್ನು ಔಟ್‌ಲೈನ್ ಮಾಡಿದ (ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿದ) ಪಿಡಿಎಫ್ ಕೊಡಿ. ಯೂನಿಕೋಡ್ ಪಠ್ಯ ಕೊಟ್ಟರೆ ‘ಟ್ರೈಸ್ಟ್ರೈಯೇಟಸ್’ನ ಒತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ.